ಇನ್ನೊಂದು ಮಾತು ಉಂಟು

ಬಹ್ರೈನಿಗೆ ಬಂದ ಹೊಸತು. ಸಿಪಿಆರ್ ಎಂಬ ಇಲ್ಲಿನ ಗುರುತಿನ ಕಾರ್ಡು ಕೂಡ ನನ್ನ ಕೈಗೆ ಬಂದಿರಲಿಲ್ಲ. ಅಷ್ಟರಲ್ಲೇ ನಾವಿದ್ದ ಗುದೈಬಿಯಾ ಬಡಾವಣೆಯ ಅಂಗಡಿಯವರಿಗೆ ನನ್ನ ಮಾತುಗಳೆಲ್ಲ ಬಾಯಿಪಾಠವಾಗಿದ್ದವು. ಸುಳ್ಳು ಹೇಳುತ್ತಿಲ್ಲ.

ನಮ್ಮ ಫ್ಲ್ಯಾಟಿನ ಕೆಳಗೆ ಒಂದು ಕೋಲ್ಡ್ ಸ್ಟೋರ್ ಇತ್ತು. ಹೆಸರಿಗೆ ಕೋಲ್ಡ್ ಸ್ಟೋರ್, ಒಳಗೆ ಉಪ್ಪಿನಿಂದ ಹಿಡಿದು ಚಪ್ಪಲಿಯವರೆಗೆ ಎಲ್ಲವೂ ಸಿಗುತ್ತದೆ. ಅಂಗಡಿಯವರು ನಮ್ಮ ಕರಾವಳಿಯ ಬ್ಯಾರಿಗಳು. ನನ್ನ ಗಂಡ ಅಸ್ಕರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸದವರು. ಅಲ್ಲಿಯವರೆಗಿನ ವರ್ಷಗಳಲ್ಲೆಲ್ಲ ಕೆಲಸದವರ ಕ್ಯಾಂಪಿನಲ್ಲೇ ಇದ್ದು, ಫ್ಯಾಮಿಲಿ ವೀಸಾ ಆದಮೇಲೆ ನನಗೂ ಮಗಳಿಗೂ ಅಂತ ಆ ಫ್ಲ್ಯಾಟು ಹಿಡಿದಿದ್ದರು. ಹಾಗಾಗಿ ಅಂಗಡಿಯವರಿಗೆ ಅವರ ಪರಿಚಯ ಇರಲಿಲ್ಲ.

ಆ ದಿನ ನಾನು ಟೊಮೆಟೊ ಆರಿಸುತ್ತ ಮೊಬೈಲಿನಲ್ಲಿ ಗಂಡನ ಜೊತೆ ಮಾತಾಡುತ್ತಿದ್ದೆ. ಅವರಿಗೆ ಬ್ರೇಕ್ ಮುಗಿಯುವ ಅವಸರ. "ನಿಲ್ಲಿ ನಿಲ್ಲಿ, ಇಡ್ಬೇಡಿ, ಇನ್ನೊಂದು ಮಾತು ಉಂಟು" ಅಂದೆ. ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

"ಅಕ್ಕ, ಭಾರಿ ಲಾಯ್ಕ ಮಾಡ್ತೀರಿ ನೀವು. ಥೇಟ್ ಅದೇ ಸ್ವರ" ಅಂದರು ಅಂಗಡಿಯವರು.

"ಎಂತದು ಥೇಟ್?"

"ಟೆಲಿಫೋನ್ ಬೂತಿನ ವಿಡಿಯೋ ನೋಡ್ಲಿಲ್ವಾ ನೀವು? ಎಲ್ಲರ ಮೊಬೈಲಿನಲ್ಲೂ ತಿರುಗ್ತಾ ಉಂಟು ಮಾರಾಯ್ರೆ" ಎಂದು ತಮ್ಮ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು.

ಮನಾಮಾದ ಯಾವುದೋ ಹಾಲ್. ಹಿಂದೆ ನಮ್ಮವರ ಸಂಘದ ಬ್ಯಾನರ್. ವೇದಿಕೆಯ ಮೇಲೆ ನನ್ನ ಗಂಡ. ಅಂಗಿ ನಾನೇ ಊರಿನಿಂದ ಕಳಿಸಿದ ನೀಲಿ ಗೀಟಿನದು. ಕೈಯಲ್ಲಿ ಟೆಲಿಫೋನಿನ ರಿಸೀವರ್. ಒಮ್ಮೆ ಗಂಡಿನ ಸ್ವರ, ಒಮ್ಮೆ ಹೆಣ್ಣಿನ ಸ್ವರ. ಹೆಣ್ಣಿನ ಸ್ವರ ನನ್ನದು! "ನಿಲ್ಲಿ ನಿಲ್ಲಿ, ಇನ್ನೊಂದು ಮಾತು ಉಂಟು" ಅನ್ನುವಷ್ಟರಲ್ಲಿ ಫೋನ್ ಕಾರ್ಡಿನ ದುಡ್ಡು ಮುಗಿದು ಟೂಂ ಟೂಂ ಎನ್ನುತ್ತದೆ. ಹಾಲಿಗೆ ಹಾಲೇ ನಗುತ್ತದೆ. ಮುಂದಿನ ವಾರದ ಕರೆಯಲ್ಲಿ ಗಂಡ ಕೇಳುತ್ತಾನೆ, "ಮೊನ್ನೆ ಎಂತ ಹೇಳ್ಲಿಕ್ಕಿತ್ತು?" ಹೆಂಡತಿ ಹೇಳುತ್ತಾಳೆ, "ಅದಾ? ಮಿಕ್ಸಿಯ ಜಾರ್ ಒಡೆದು ಹೋಯ್ತು."

ನಮ್ಮ ಮಿಕ್ಸಿಯ ಜಾರ್ ನಿಜವಾಗಿಯೂ ಒಡೆದಿತ್ತು.

ಟೊಮೆಟೊ ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿದೆ. ಊರಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು, ಪಕ್ಕದ ಮನೆಯವರಿಗೆ ಕೇಳಿಸದ ಹಾಗೆ ಸ್ವರ ತಗ್ಗಿಸಿ ಆಡಿದ ಮಾತುಗಳವು. ಅವನ್ನು ಈ ಮನುಷ್ಯ ವರ್ಷಗಟ್ಟಲೆ ಹಾಲಿನಿಂದ ಹಾಲಿಗೆ ಹೊತ್ತುಕೊಂಡು ತಿರುಗಿದ್ದಾರೆ. ನನಗೆ ಒಂದು ಸುಳಿವೂ ಇರಲಿಲ್ಲ.

ಸಂಜೆ ಕಂಪೆನಿಯ ಬಸ್ಸಿನಿಂದ ಇಳಿದು ಬಂದವರಿಗೆ ಚಹಾ ಕೂಡ ಕೊಡದೆ ಕೇಳಿದೆ.

"ಹೆಸರು ಹೇಳಿದ್ದೇನಾ ನಾನು?" ಅಂದರು. "ಹಾಲಿನ ಒಳಗಿನ ಕುಶಾಲು ಅದು. ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ತೆಗೆದು ಎಲ್ಲರಿಗೂ ಕಳಿಸಿದ. ಇಲ್ಲಿ ಆಡಿದ್ದು ಊರಿನವರೆಗೆ ಹೋಗ್ತದೆ ಅಂತ ನಂಗೆಂತ ಗೊತ್ತು?"

"ಹೋಗುದಿಲ್ಲ ಅಂತ ಗೊತ್ತಿದ್ರೆ ಏನೂ ಹೇಳ್ಬಹುದಾ?"

ಅವರು ಬೂಟಿನ ಲೇಸು ಬಿಚ್ಚುತ್ತಲೇ ಇದ್ದರು. ಅಷ್ಟು ಹೊತ್ತು ಬಿಚ್ಚುವಂಥ ಲೇಸು ಅದಲ್ಲ.

ಅವರ ಪಕ್ಷದ ಮಾತನ್ನೂ ಹೇಳಬೇಕು. ಆ ಬೂತಿನ ಆಟ ಬಿಟ್ಟರೆ ಈ ದೇಶದಲ್ಲಿ ಅವರಿಗೆ ಸ್ವಂತದ್ದು ಅಂತ ಬೇರೆ ಏನೂ ಇರಲಿಲ್ಲ. ಹಾಲಿನಲ್ಲಿ ತುಳುವರು, ಕೊಂಕಣಿಯವರು, ಬ್ಯಾರಿಗಳು ಎಲ್ಲ ಇರುತ್ತಾರೆಂದು ಕನ್ನಡದಲ್ಲೇ ಕಟ್ಟಿದ್ದರು. ಅದೇ ಆಟವನ್ನು ಒಂದು ವರ್ಷ ಈ ಸಂಘದಲ್ಲಿ, ಮತ್ತೊಂದು ವರ್ಷ ಆ ಸಂಘದಲ್ಲಿ ಆಡುತ್ತ ಎಷ್ಟೋ ಕಾಲ ನಡೆಸಿದ್ದರು. ಯಾರನ್ನು ವೇದಿಕೆ ಹತ್ತಿಸಬೇಕು, ಎಷ್ಟು ಹೊತ್ತಿಗೆ ಇಳಿಸಬೇಕು ಎಂಬುದೆಲ್ಲ ನಮ್ಮವರ ಸಂಘದ ಕಾರ್ಯದರ್ಶಿಯ ಕೈಯಲ್ಲಿತ್ತು. ಕಾರ್ಯದರ್ಶಿಗೆ ಇವರೆಂದರೆ ಪ್ರೀತಿ.

ವಿಡಿಯೋ ತಿರುಗಿದ ಮೇಲಿನ ಮೊದಲ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ, ಸಿಟ್ಟಿನಲ್ಲೇ. ಇವರು ರಿಸೀವರ್ ಎತ್ತಿ ಬಾಯಿ ತೆರೆಯುವ ಮೊದಲೇ ಮುಂದಿನ ಸಾಲಿನ ಹುಡುಗರು "ನಿಲ್ಲಿ ನಿಲ್ಲಿ" ಅಂತ ಬೊಬ್ಬೆ ಹಾಕಿದರು. ಮಿಕ್ಸಿಯ ಜಾರನ್ನೂ ಅವರೇ ಒಡೆದರು. ಇವರಿಗೆ ಹೇಳಲಿಕ್ಕೆ ಏನೂ ಉಳಿಯಲಿಲ್ಲ. ರಿಸೀವರ್ ಹಿಡಿದುಕೊಂಡು ಸುಮ್ಮನೆ ನಿಂತರು. ಜನ ಅದಕ್ಕೂ ನಕ್ಕರು, ಆಮೇಲೆ ನಗುವುದನ್ನೂ ಬಿಟ್ಟು ಬಿರಿಯಾನಿಯ ಕಡೆ ಎದ್ದರು. "ಹೊಸತು ಎಂತಾದ್ರೂ ಉಂಟಾ? ಇದು ಎಲ್ಲರ ಫೋನಿನಲ್ಲೂ ಉಂಟಲ್ಲ" ಎಂದು ಕಾರ್ಯದರ್ಶಿ ಕೇಳಿದ್ದು ನನ್ನ ಎದುರಿಗೇ. ಎಷ್ಟೋ ವರ್ಷದ ಕಸುಬು ಒಂದು ಸಂಜೆಯಲ್ಲಿ ಹೋಯಿತು. ನನಗೆ ಪಾಪ ಅನಿಸಿತು. ಆದರೆ ಅದನ್ನು ಹೇಳುವಷ್ಟು ಪಾಪ ಅನಿಸಲಿಲ್ಲ.

ಒಂದು ದಿನ ಮಗಳು ಶಾಲೆಗೆ ಹೋದಮೇಲೆ ನಾನು ಅಡುಗೆಮನೆಯ ಅಕ್ಕಿ ಡಬ್ಬಿಗೆ ಫೋನನ್ನು ಒರಗಿಸಿಟ್ಟೆ. ಹಳೆಯ ನೈಟಿಯಲ್ಲೇ ಇದ್ದೆ. ಸೌಟನ್ನು ಕಿವಿಗೆ ಹಿಡಿದು ಆ ಕರೆಯ ಈಚೆ ಕಡೆಯನ್ನು, ಊರಿನಲ್ಲಿದ್ದ ಹೆಂಡತಿಯ ಕಡೆಯನ್ನು, ಆಡಿದೆ. ಹಾಲಿನವರು ಇಷ್ಟು ವರ್ಷ ನೋಡದೇ ಇದ್ದ ಕಡೆ ಅದು. ಮಗು ಅಳುತ್ತದೆ, ಕುಕ್ಕರ್ ಕೂಗುತ್ತದೆ, ಗಂಡ ಆಚೆಯಿಂದ "ಮತ್ತೆ ಎಂತ ವಿಶೇಷ?" ಅಂತ ಹತ್ತು ಸಲ ಕೇಳುತ್ತಾನೆ. ನಾನು ನಗಿಸಲಿಕ್ಕೇ ಹೊರಟಿದ್ದೆ. "ನಿಲ್ಲಿ, ಇನ್ನೊಂದು ಮಾತು ಉಂಟು" ಅಂದೆ. ಬಾಯಲ್ಲೇ ಟೂಂ ಟೂಂ ಮಾಡಿದೆ. ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. ಯೋಚಿಸದೇ ಬಾಯಿಂದ ಬಂತು:

"ನಂಗೆ ಇಲ್ಲಿ ಒಬ್ಬಳಿಗೆ ಆಗುದಿಲ್ಲ."

ಊರಿನಲ್ಲಿದ್ದಾಗ ಪ್ರತಿ ಸಲವೂ ಹೇಳಬೇಕೆಂದು ಇಟ್ಟುಕೊಂಡಿದ್ದ ಮಾತು ಅದು. ಕಾರ್ಡು ಮುಗಿಯುತ್ತಿತ್ತು. ಮುಂದಿನ ವಾರದ ಹೊತ್ತಿಗೆ ಧೈರ್ಯ ಹೋಗಿರುತ್ತಿತ್ತು. ಆಗ ಮಿಕ್ಸಿಯ ಜಾರ್ ಬಾಯಿಗೆ ಬರುತ್ತಿತ್ತು. ಅಳಿಸೋಣ ಅಂದುಕೊಂಡೆ. ಅಳಿಸದೆ ನೆಟ್ಟಿಗೆ ಹಾಕಿಬಿಟ್ಟೆ.

ಸಂಜೆ ಮೀನು ತೊಳೆದು ಬಂದು ನೋಡುವಾಗ ಫೋನು ಗುಂಯ್ಗುಡುತ್ತಿತ್ತು. ಸೌದಿಯಿಂದ, ಮಸ್ಕತ್ತಿನಿಂದ, ಊರಿನ ಒಳಮನೆಗಳಿಂದ ಹೆಂಗಸರು ಬರೆದಿದ್ದರು. "ಇದು ನನ್ನ ಮಾತು ಅಕ್ಕ, ನಿಮಗೆ ಯಾರು ಹೇಳಿದ್ದು?" ಅಂತ ಒಬ್ಬಳು ಕೇಳಿದ್ದಳು. ವಾರ ಕಳೆಯುವಷ್ಟರಲ್ಲಿ ನನ್ನ ಹೆಸರಿನಲ್ಲೊಂದು ಚಾನೆಲ್ ಆಯಿತು. ಮಸಾಲೆಯವರು, ಚಿನ್ನದವರು, ಊರಿಗೆ ಸಾಮಾನು ಕಳಿಸುವ ಕಾರ್ಗೋದವರು ನನ್ನ ನಂಬರ್ ಹುಡುಕಿ ಮಾತಾಡಿಸತೊಡಗಿದರು. ಕಾರ್ಯದರ್ಶಿ ಹಲ್ವಾದ ಡಬ್ಬ ಹಿಡಿದುಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. "ಅಕ್ಕ, ನಮ್ಮ ಕಾರ್ಯಕ್ರಮದ ಬಗ್ಗೆ ನಿಮ್ಮ ಚಾನೆಲಿನಲ್ಲಿ ಒಂದು ಮಾತು ಹೇಳ್ಬೇಕು. ಈಗ ಬರೀ ಬ್ಯಾನರ್ ಕಟ್ಟಿದ್ರೆ ಜನ ಬರುದಿಲ್ಲ." ಹಿಂದಿನ ಕಾರ್ಯಕ್ರಮದಲ್ಲಿ ನನಗೆ ಕುರ್ಚಿ ತೋರಿಸಲಿಕ್ಕೂ ಪುರುಸೊತ್ತಿಲ್ಲದಿದ್ದ ಮನುಷ್ಯ! ಯಾರನ್ನೂ ಕೇಳದೆ, ನೈಟಿಯಲ್ಲಿ, ಸೌಟು ಹಿಡಿದು ಮಾಡಿದ ಕೆಲಸಕ್ಕೆ ಇಷ್ಟೊಂದು ಬಲ ಇದೆಯೆಂದು ನಂಬಲು ನನಗೇ ಆಗಲಿಲ್ಲ.

ಆದರೆ ನಾನು ಕಾದದ್ದು ಬೇರೆಯದಕ್ಕೆ. ಗಂಡ ವಿಡಿಯೋ ನೋಡಿದರು. ಕೊನೆಯವರೆಗೂ ನೋಡಿದರು, ನಾನು ಬಾಗಿಲ ಸಂದಿಯಲ್ಲಿ ನಿಂತು ಗಮನಿಸಿದ್ದೇನೆ. ಆಮೇಲೆ "ಸೌಂಡು ಲಾಯ್ಕ ಬಂದಿದೆ" ಅಂದರು. ಅಷ್ಟೇ. ದೇಶದೇಶದವರು ಕೇಳಿಸಿಕೊಂಡ ಮಾತು ಯಾರಿಗೆ ಹೇಳಿದ್ದೋ ಅವರ ಕಿವಿಗೆ ಬೀಳಲೇ ಇಲ್ಲ. ಒಮ್ಮೆ ಕೇಳಿಬಿಡೋಣ ಅಂತ ಎಷ್ಟು ಸಲ ಬಾಯಿಯವರೆಗೆ ಬಂತೋ. ಒಂದೇ ಮನೆಯಲ್ಲಿದ್ದು, ಕಾರ್ಡು ಮುಗಿಯುವ ಭಯವಿಲ್ಲದೆಯೂ, ನಾನು ಮತ್ತೆ ಮೀನಿನ ರೇಟು ಮಾತಾಡುತ್ತಿದ್ದೆ.

ಹಾಗೇ ಕೆಲವು ತಿಂಗಳು ಹೋದವು. ಇಲ್ಲಿಯ ವಾರದ ರಜೆಯಾದ ಒಂದು ಶುಕ್ರವಾರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿಸಿ ನಾವು ಮೂವರೂ ಗುದೈಬಿಯಾದ ನಮ್ಮ ಮಾಮೂಲಿ ಹೋಟೆಲಿಗೆ ಊಟಕ್ಕೆ ಹೋದೆವು. ಮೀನು ಸಾರು, ಕುಚ್ಚಲಕ್ಕಿ ಅನ್ನ. ಪಕ್ಕದ ಮೇಜಿನಲ್ಲಿ ನಮ್ಮ ಊರಿನ ಕಡೆಯ ನಾಲ್ಕು ಜನ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ಏನೋ ನೋಡುತ್ತಿದ್ದರು. ಇದ್ದಕ್ಕಿದ್ದಂತೆ ನನ್ನ ಸ್ವರ ಕೇಳಿಸಿತು. "ನಂಗೆ ಇಲ್ಲಿ ಒಬ್ಬಳಿಗೆ ಆಗುದಿಲ್ಲ." ಹಿಂದೆಯೇ ಡೋಲು, ಕುಣಿತದ ಸಂಗೀತ, ಒಬ್ಬ ಗಂಡಸಿನ ಉತ್ಸಾಹದ ದನಿ: ಒಬ್ಬರಿಗೆ ಹೊರಲಿಕ್ಕೆ ಆಗುವುದಿಲ್ಲವಾ, ನಿಮ್ಮ ಪೆಟ್ಟಿಗೆ ನಾವು ಮನೆ ಬಾಗಿಲಿಗೆ ತಲುಪಿಸುತ್ತೇವೆ.

ಯಾವುದೋ ಕಾರ್ಗೋದ ಜಾಹೀರಾತು. ನನ್ನನ್ನು ಕೇಳಿರಲಿಲ್ಲ. ಹೆಸರಿಲ್ಲ, ಮುಖವೂ ಇಲ್ಲ. ಸ್ವರವನ್ನಷ್ಟೇ ಕತ್ತರಿಸಿಕೊಂಡಿದ್ದರು. ಆ ನಾಲ್ವರು ನಕ್ಕು ಮತ್ತೊಮ್ಮೆ ಹಾಕಿದರು. ನಾನು ಎತ್ತಿದ ತುತ್ತನ್ನು ಬಟ್ಟಲಿಗೇ ಹಾಕಿದೆ. ಅವತ್ತು ಕೋಲ್ಡ್ ಸ್ಟೋರಿನಲ್ಲಿ ಟೊಮೆಟೊ ಬಿಟ್ಟು ಹೋದ ಹಾಗೆ ಇಲ್ಲಿಂದ ಎದ್ದು ಹೋಗುವಂತಿರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ನಾನೇ ಬೀದಿಗೆ ಹಾಕಿದ ಮಾತು ಅದು.

ಅವರು ಮೂರನೆಯ ಸಲ ಹಾಕುವಾಗ ನನ್ನ ಗಂಡ ಎದ್ದರು. ಊಟದ ಕೈಯಲ್ಲೇ ಹೋಗಿ ಆ ಮೇಜಿನ ಎದುರು ನಿಂತರು.

"ಅದನ್ನೊಮ್ಮೆ ನಿಲ್ಲಿಸಿ" ಅಂದರು.

"ಎಂತ ಆಯ್ತು ಸರ್? ಕುಶಾಲಿನದ್ದು ಅದು" ಅಂದ ಒಬ್ಬ.

"ಕುಶಾಲಿನದ್ದಲ್ಲ. ಅದು ನಂಗೆ ಹೇಳಿದ ಮಾತು." ಹಾಲಿನ ಕೊನೆಯ ಸಾಲಿಗೂ ಮುಟ್ಟುವ ಅವರ ಸ್ವರ ಅಲ್ಲಿ ಸರಿಯಾಗಿ ಹೊರಡಲೇ ಇಲ್ಲ. "ನಾನು ಅದಕ್ಕೆ ಇನ್ನೂ ಉತ್ತರ ಕೊಡ್ಲಿಲ್ಲ."

ಅವನು ಫೋನನ್ನು ಕವುಚಿ ಹಾಕಿದ. ಗಂಡ ವಾಪಸು ಬಂದು ನನ್ನ ಎದುರು ಕೂತರು. ಮಗಳು ಇಂಗ್ಲಿಷಿನಲ್ಲಿ ಏನಾಯಿತು ಅಂತ ಕೇಳಿದಳು. ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸುತ್ತಿದ್ದೆ, ಒಂದು ಮುಳ್ಳೂ ಕಣ್ಣಿಗೆ ಕಾಣುತ್ತಿರಲಿಲ್ಲ. ಅವರು ನನ್ನ ಬಟ್ಟಲನ್ನು ತಮ್ಮ ಕಡೆ ಎಳೆದುಕೊಂಡು ಮುಳ್ಳು ಬಿಡಿಸತೊಡಗಿದರು.