ವನಜಮ್ಮನ ಎಲೆಗೆ ಬಿಸಿ ಒಬ್ಬಟ್ಟು

ಕರಿಬಸವಯ್ಯ ಗುಬ್ಬಿಯ ಮದುವೆ ಮನೆಯಲ್ಲಿ ಒಗ್ಗರಣೆ ಹಾಕಿದರೆ ಕುಣಿಗಲ್ಲಿನಲ್ಲಿ ಜನ ಸೀನುತ್ತಿದ್ದರು. ಸುಳ್ಳಲ್ಲ, ಸೀನಿದವರೇ ಹೇಳಿದ್ದು. ಅವನ ಸಾಂಬಾರಿನ ಕೊಪ್ಪರಿಗೆಗೆ ಸೌಟು ಬಿದ್ದರೆ ಈಜು ಬಲ್ಲವರನ್ನು ಕರೆಸಬೇಕಿತ್ತು. ಅವನು ನಿಟ್ಟೂರಿನಲ್ಲಿ ಒಬ್ಬಟ್ಟು ಬೇಯಿಸುವ ದಿನ ಅಲ್ಲಿ ನಿಲ್ಲದ ರೈಲು ಕೂಡ ತುಪ್ಪದ ಘಮಕ್ಕೆ ಗಕ್ಕನೆ ನಿಂತು, ಆಮೇಲೆ ನಾಚಿಕೊಂಡು ಹೊರಡುತ್ತಿತ್ತು. ಅಂಥ ಮನುಷ್ಯ, ಹೆಂಡತಿ ವನಜಮ್ಮ ತೀರಿಕೊಂಡ ಮೇಲೆ, ತುಮಕೂರಿನ ಶೆಟ್ಟಿಹಳ್ಳಿಯ ಪುಟ್ಟ ಮನೆಯಲ್ಲಿ ತನ್ನೊಬ್ಬನಿಗೆ ಅನ್ನಕ್ಕಿಡಲು ಹೋಗಿ ಸೋತುಬಿಟ್ಟ.

ಆ ಕೈಗೆ ಒಬ್ಬರ ಅಳತೆ ಅನ್ನುವುದೇ ಗೊತ್ತಿರಲಿಲ್ಲ. ಉಪ್ಪು ಅಂದರೆ ಬೊಗಸೆ, ಬೇಳೆ ಅಂದರೆ ಮೊರ. ಮೊದಲ ದಿನದ ಸಾರು ಇಡೀ ಬೀದಿಗೆ ಹಂಚಿಯೂ ಮಿಕ್ಕಿತು. ಮಾರನೆಯ ದಿನದ ಪಾಯಸಕ್ಕೆ ಬೀದಿ ನಾಯಿಗಳಿಗೆಲ್ಲ ಶುಗರ್ ಬಂತು. ಪಕ್ಕದ ಮನೆಯ ಸಿದ್ದಗಂಗಮ್ಮ ಕಾಂಪೌಂಡಿನಾಚೆಯಿಂದಲೇ ಕೈ ಮುಗಿದಳು.

“ಅಣ್ಣಾ, ನಿನ್ನೆದೇ ಫ್ರಿಡ್ಜಲ್ಲಿ ಕೂತೈತೆ. ನೀವು ಹಿಂಗೇ ಮಾಡ್ತಿದ್ರೆ ನಾನು ಇನ್ನೊಂದು ಫ್ರಿಡ್ಜ್ ತಗೊಳ್ಳಬೇಕಾಯ್ತದೆ.”

“ಇವತ್ತು ಕಮ್ಮಿ ಮಾಡಿದೀನಿ ಕಣಮ್ಮ. ಒಂದೇ ಬಕೆಟ್ಟು.”

ಕೊನೆಗೆ ಅವನು ಒಲೆ ಹಚ್ಚುವುದನ್ನೇ ಬಿಟ್ಟು, ಬನ್ನು ಬಾಳೆಹಣ್ಣಿನಲ್ಲಿ ದಿನ ದೂಡತೊಡಗಿದ.

ಮದುವೆಯಾದ ಲಾಗಾಯ್ತಿನಿಂದ ಆ ಮನೆಯಲ್ಲಿ ಅಡುಗೆ ಆಗುತ್ತಿದ್ದದ್ದು ಒಬ್ಬರಿಗೇ. ಮಾಡುತ್ತಿದ್ದವಳು ವನಜಮ್ಮ, ಉಣ್ಣುತ್ತಿದ್ದವನು ಕರಿಬಸವಯ್ಯ. ದಿನವಿಡೀ ಹಬೆ ಕುಡಿದವನಿಗೆ ತಾನು ಮಾಡಿದ ಅಡುಗೆ ಗಂಟಲಲ್ಲಿ ಇಳಿಯುವುದಿಲ್ಲ. ಎಲ್ಲ ಅಡುಗೆಯವರ ಹಣೆಬರಹವೂ ಅದೇ. ಬೀದಿ ತಿರುವಿನಲ್ಲಿ ಅವನ ಟಿವಿಎಸ್ ಗೊರಗುಟ್ಟಿದ ಮೇಲೆಯೇ ಅವಳು ಎಸರಿಗೆ ರಾಗಿ ಹಿಟ್ಟು ಹಾಕುತ್ತಿದ್ದಳು. ಅವನು ಕಾಲು ತೊಳೆದು ಕೂರುವುದಕ್ಕೂ ಮುದ್ದೆ ತಟ್ಟೆಗೆ ಬೀಳುವುದಕ್ಕೂ ಸರಿಹೋಗುತ್ತಿತ್ತು. ಮುದ್ದೆ ಎಷ್ಟು ಬಿಸಿಯೆಂದರೆ ಅದರ ಮೇಲೆ ಇನ್ನೊಂದು ಮುದ್ದೆ ಬೇಯಿಸಬಹುದಿತ್ತು. ಜೊತೆಗೆ ಹುರುಳಿ ಬಸ್ಸಾರು. ಅವನು ಉಂಡು ತೇಗಿದ ಮೇಲೆ ಅವಳು ಅವನು ತಂದ ಬಕೆಟ್ಟಿನ ಮುಚ್ಚಳ ತೆಗೆಯುತ್ತಿದ್ದಳು. ಮದುವೆ ಮನೆಯಲ್ಲಿ ಮಿಕ್ಕ ಪಲ್ಯ, ಗಟ್ಟಿಯಾದ ಅನ್ನ, ಆರಿ ಬಿರುಸಾದ ಒಬ್ಬಟ್ಟು.

“ತಿನ್ನು ವನಜಾ, ದೊಡ್ಡ ದೊಡ್ಡ ಜನ ಬೆರಳು ಚೀಪಿಕೊಂಡು ಹೋದ ಊಟ. ಹೆಂಗೈತೆ?”

“ಚೆನ್ನಾಗೈತೆ.”

ಪ್ರತಿಸಲವೂ ಅದೇ ಮಾತು. ಆ ಒಬ್ಬಟ್ಟಿನಿಂದ ಚಪ್ಪಲಿಗೆ ಅಟ್ಟೆ ಹೊಡೆಸಿದ್ದರೆ ಮೂರು ಮಳೆಗಾಲ ಬರುತ್ತಿತ್ತು. ಅದನ್ನು ಅವಳು ಅಗಿದು ಅಗಿದು ನುಂಗಿ ಚೆನ್ನಾಗೈತೆ ಅನ್ನುತ್ತಿದ್ದಳು. ಅವನು ನಂಬಿ, ಹೆಮ್ಮೆಯಿಂದ ಗೊರಕೆ ಹೊಡೆಯುತ್ತಿದ್ದ.

ಅವಳು ಹೋದ ಮೇಲೆ ಮೊದಲ ಹಿರಿಯರ ಹಬ್ಬ ಬಂತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಎಡೆ ಇಟ್ಟು, ಬಾಗಿಲು ಮುಂದೆ ಮಾಡಿಕೊಂಡು ಮನೆಯವರು ಈಚೆ ಕೂರಬೇಕು. ಒಳಗೆ ಅವರು ಬಂದು ಉಂಡು ಹೋಗುತ್ತಾರೆ. ಎದುರು ಮನೆಯ ಅಡವಿಯಪ್ಪ ಅಂಗಡಿಯಿಂದ ಚೀಲ ತುಂಬಿಸಿಕೊಂಡು ಬರುತ್ತಿದ್ದವನು ಗೇಟಿನ ಹತ್ತಿರ ನಿಂತ.

“ನಮ್ಮಪ್ಪನಿಗೆ ಖಾರಾಬೂಂದಿ, ಒಂದು ಕಟ್ಟು ಬೀಡಿ, ಒಂದು ಕ್ವಾರ್ಟರು. ಬದುಕಿದ್ದಾಗ ಬೈದು ಬೈದು ಬಿಡಿಸಿದ್ವಿ, ಈಗ ನಾವೇ ಕೊಂಡ್ಕೊಂಡು ಬರ್ತಾ ಇದೀವಿ ನೋಡಣ್ಣ. ಅತ್ತಿಗೆಗೆ ಏನ್ ಇಡ್ತೀಯ? ಏನ್ ಇಷ್ಟ ಇತ್ತು ಅವರಿಗೆ?”

ಗುಬ್ಬಿ ತಾಲ್ಲೂಕಿನಲ್ಲಿ ಯಾವ ಬೀಗರಿಗೆ ಖಾರ ಬೇಕು, ಯಾವ ಸ್ವಾಮಿಗಳಿಗೆ ಬೆಲ್ಲ ಮುಂದಿರಬೇಕು, ಎಲ್ಲ ಕರಿಬಸವಯ್ಯನ ನಾಲಿಗೆ ತುದಿಯಲ್ಲಿತ್ತು. ಹೆಂಡತಿಯದು ಮಾತ್ರ ಇರಲಿಲ್ಲ.

“ಇಡ್ತೀನಿ ಬುಡು, ಏನೋ ಒಂದು,” ಅಂದು ಒಳಗೆ ಬಂದ. ಏನೋ ಒಂದು ಇಡಬೇಕಾದರೆ ಅವಳು ಬರುವುದಾದರೂ ಏತಕ್ಕೆ? ಬದುಕಿದ್ದಷ್ಟು ದಿನ ಏನೋ ಒಂದನ್ನೇ ತಿಂದವಳು. ಕುಣಿಗಲ್ಲಿನಲ್ಲಿದ್ದ ನಾದಿನಿ ಶಕುಂತಲಮ್ಮನಿಗೆ ಫೋನ್ ಹಚ್ಚಿದ.

“ಒಬ್ಬಟ್ಟು ಭಾವ, ಒಬ್ಬಟ್ಟು,” ಅಂದಳು ಅವಳು, ತಡಮಾಡದೆ. “ಒಬ್ಬಟ್ಟು ಅಂದ್ರೆ ಪ್ರಾಣ ಬಿಡೋಳು.”

“ಅಯ್ಯೋ, ಅದಾ! ಬಕೆಟ್ಟುಗಟ್ಲೆ ತಂದು ಹಾಕಿದೀನಲ್ಲಮ್ಮ.”

“ತಣ್ಣಂದು ತಂದ್ರಿ. ಅವಳಿಗೆ ಬೇಕಾಗಿದ್ದು ಬಿಸೀದು. ಸಣ್ಣವಳಿದ್ದಾಗ ಅವ್ವ ಹಂಚಿಂದ ಎತ್ತೋಕೂ ಬಿಡ್ತಿರ್ಲಿಲ್ಲ, ಲಂಗದಲ್ಲಿ ಸುತ್ಕೊಂಡು ಓಡೋಳು. ಇಡೀ ಜಿಲ್ಲೆಗೆ ನಮ್ಮೆಜಮಾನ್ರ ಕೈ ಬಿಸಿ ಒಬ್ಬಟ್ಟು ಸಿಕ್ತು ಕಣೇ, ನಂಗೊಬ್ಬಳಿಗೆ ಯೋಗ ಇಲ್ಲ ಅಂತ ನಗಾಡೋಳು.”

“ಒಂದು ಮಾತು ನಂಗೆ ಹೇಳಬಾರ್ದಿತ್ತಾ?”

“ಒಂದಿನಾನಾದ್ರೂ ಕೇಳಿದ್ರಾ ಭಾವ? ಕೈ ತುಂಬ ಬೊಬ್ಬೆ ಎಬ್ಬಿಸ್ಕೊಂಡು ಬರ್ತಾರೆ, ಮತ್ತೆ ಒಲೆ ಮುಂದೆ ಹೆಂಗೆ ನಿಲ್ಲಿಸಲಿ ಅನ್ನೋಳು.”

ಫೋನು ಇಟ್ಟವನು ತನ್ನ ಅಂಗೈಗಳನ್ನು ನೋಡಿಕೊಂಡ. ಬೊಬ್ಬೆಗಳೆಲ್ಲ ಮಾಯ್ದು, ಚರ್ಮ ಹಳೆಯ ಹಂಚಿನ ಹಾಗಾಗಿತ್ತು.

ಹಬ್ಬದ ದಿನ ಬೆಳಿಗ್ಗೆ ಬೇಳೆ ಅಳೆಯಲು ಹೋದರೆ ಮತ್ತೆ ಅದೇ ಕಷ್ಟ. ಬೊಗಸೆ ತುಂಬಿ ಎತ್ತಿದ, ಸುರಿದ, ಮತ್ತೆ ಎತ್ತಿದ. ಸಾವಿರ ಎಲೆಗೆ ಕಣ್ಣು ಮುಚ್ಚಿ ಬೇಳೆ ಹಾಕುವವನು ಒಂದು ಎಲೆಗೆ ಎಷ್ಟೆಂದು ತಿಳಿಯದೆ ನಿಂತ. ಆಮೇಲೆ ರಾಗಿ ಹಿಟ್ಟಿನ ಡಬ್ಬಿ ನೆನಪಾಯಿತು. ಅದರೊಳಗೆ ವನಜಮ್ಮನ ನೆಗ್ಗಿದ ಸ್ಟೀಲು ಲೋಟ ಹಿಟ್ಟಿನಲ್ಲಿ ಅರ್ಧ ಹೂತು ಕೂತಿತ್ತು. ದಿನವೂ ಅವನೊಬ್ಬನ ಮುದ್ದೆಗೆ ಅವಳು ಹಿಟ್ಟು ತೆಗೆಯುತ್ತಿದ್ದ ಲೋಟ. ಅದನ್ನು ಸೆರಗಿಲ್ಲದವನು ಪಂಚೆಯ ಅಂಚಿನಲ್ಲಿ ಒರೆಸಿ, ಒಂದು ಲೋಟ ಬೇಳೆ ಅಳೆದ. ಬೆಲ್ಲವನ್ನೂ ಅದರಲ್ಲೇ ಅಳೆದ. ಅವನ ಹಸ್ತ ಕೊಪ್ಪರಿಗೆಗೆ ಹುಟ್ಟಿದ್ದು. ಪುಟ್ಟ ಪಾತ್ರೆಯೊಂದರಲ್ಲಿ ಹೂರಣ ತಿರುವುವಾಗ ಆನೆ ಸೂಜಿಗೆ ದಾರ ಪೋಣಿಸಿದ ಹಾಗೆ ಕಾಣುತ್ತಿತ್ತು.

ಕೋಣೆಯಲ್ಲಿ ವನಜಮ್ಮನ ಫೋಟೋದ ಮುಂದೆ ಕಳಶ ಇಟ್ಟು, ಪಕ್ಕದಲ್ಲಿ ಹೊಸ ಸೀರೆ ಮಡಿಸಿ, ಎಲೆ ಹಾಸಿದ. ಆಗ ಹೊಳೆಯಿತು: ಎಡೆ ಇಟ್ಟು ಬಾಗಿಲು ಹಾಕಿಕೊಂಡು ಈಚೆ ಬಂದರೆ, ಅವಳು ಬರುವಷ್ಟರಲ್ಲಿ ಆರಿಹೋಗುತ್ತದೆ. ಸತ್ತ ಮೇಲೂ ತಣ್ಣಂದೇ!

ಒಲೆ ಮತ್ತು ಸಿಲಿಂಡರನ್ನು ಎಳೆದು ಕೋಣೆಗೇ ತಂದ. ಅಡವಿಯಪ್ಪ ಕಿಟಕಿಯಿಂದ ಕಂಡು ಗಾಬರಿಯಾದ.

“ಈಚೆಗೆ ಬಾರಣ್ಣ! ಜನ ಇದ್ರೆ ಅವರು ಬರಕಿಲ್ಲ.”

“ಬಡಿಸೋರೇ ಇಲ್ದಿದ್ರೆ ಹೆಂಗಪ್ಪ ಉಣ್ತಾರೆ? ನಾನು ತಿರುಗಿ ನೋಡಾಕಿಲ್ಲ ಬುಡು.”

ಅಡವಿಯಪ್ಪ ಹೊರಗಿನಿಂದಲೇ ಕಿಟಕಿಯ ಬಾಗಿಲು ಮುಚ್ಚಿದ.

ಎಲೆಗೆ ಬೆನ್ನು ಮಾಡಿ ಕೂತು ಕರಿಬಸವಯ್ಯ ಮೊದಲನೆಯದನ್ನು ತಟ್ಟಿದ. ಹಂಚಿನ ಮೇಲೆ ಅದು ಉಬ್ಬಿ, ಅಂಚು ಕೆಂಪಾಗಿ, ತುಪ್ಪ ಬಿದ್ದು ಚೊಂಯ್ ಅಂದಿತು. ಅಂದು ರೈಲೇನೂ ನಿಲ್ಲಲಿಲ್ಲ. ಬೆನ್ನ ಹಿಂದೆ ಕೈ ಚಾಚಿ, ಕುರುಡನ ಹಾಗೆ ತಡವಿ, ಎಲೆಯ ಮೇಲೆ ಇಟ್ಟ.

“ಬಿಸಿ ಐತೆ. ನಿಧಾನ.”

ಎರಡನೆಯದು ಬೆಂದಿತು. ಮದುವೆ ಪಂಕ್ತಿಗಳಲ್ಲಿ ಬಡಿಸುವವರು ಕೂಗುವುದನ್ನು ಜನ್ಮವೆಲ್ಲ ಕೇಳಿದ್ದರೂ ಅವನ ಬಾಯಲ್ಲಿ ಆ ಮಾತು ಯಾವತ್ತೂ ಬಂದಿರಲಿಲ್ಲ.

“ಇನ್ನೊಂದು ಹಾಕ್ಲಾ?”

ಸಾಕು ಅನ್ನಲಿಲ್ಲ ಯಾರೂ. ಹಾಕಿದ. ಮತ್ತೊಂದು ಹಾಕಿದ. ಲೋಟದ ಅಳತೆಯ ಹೂರಣ ಮುಗಿಯುವವರೆಗೂ ಕೇಳುತ್ತ ಹಾಕಿದ. ಒಲೆ ಆರಿಸಿ, ಹಂಚು ತಣ್ಣಗಾಗುವವರೆಗೂ ತಿರುಗದೆ ಹಾಗೇ ಕೂತ. ಹಿಂದೆ ಬಳೆ ಸದ್ದಾಗುತ್ತದೇನೋ ಅಂತ ಕಿವಿಯನ್ನು ಮೊರದಗಲ ಮಾಡಿಕೊಂಡಿದ್ದ. ಬೀದಿಯಲ್ಲಿ ಸ್ಕೂಟರೊಂದು ಹೋಯಿತು, ಅಷ್ಟೇ.

ಕೊನೆಗೆ ಕೆಮ್ಮಿ, ತಿರುಗಿದ. ಒಬ್ಬಟ್ಟುಗಳು ಇಟ್ಟ ಹಾಗೇ ಇದ್ದವು. ತುಪ್ಪ ಹೆಪ್ಪುಗಟ್ಟಿತ್ತು.

ಎಡೆ ಇಟ್ಟದ್ದನ್ನು ಮನೆಯವರೇ ಉಣ್ಣಬೇಕು. ಮನೆಯವರೆಂದರೆ ಅವನೊಬ್ಬನೇ. ಹುಟ್ಟಿದಾರಭ್ಯ ಆರಿದ ಊಟ ಮುಟ್ಟದಿದ್ದವನು ಅವಳ ಎಲೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡ. ಬಿರುಸಾಗಿತ್ತು. ಅಗಿದ. ಗಂಟಲಲ್ಲಿ ಇಳಿಯಲೊಲ್ಲದು. ಮತ್ತೆ ಅಗಿದ. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಅದಕ್ಕೆ ಸ್ವಲ್ಪ ಉಪ್ಪು ಸೇರಿಸಿತು. ಆ ಉಪ್ಪಿನ ಅಳತೆ ಮಾತ್ರ ಸರಿಯಾಗಿ ಒಬ್ಬರಿಗಾಗುವಷ್ಟೇ ಇತ್ತು.

ಕಷ್ಟಪಟ್ಟು ನುಂಗಿ, ಫೋಟೋದ ಕಡೆ ನೋಡಿ ಅಂದ:

“ಚೆನ್ನಾಗೈತೆ.”