‘ಲೆಟ್’ ಅಲ್ಲ, ‘ಮೇಕ್’

ದೊಡ್ಡಬಳ್ಳಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಇಂಗ್ಲಿಷ್ ಮೇಡಂ ಒಬ್ಬರಿದ್ದರು. ಗಾರ್ಮೆಂಟ್ಸ್‌ಗೆ ಹೋಗುವ ನಮ್ಮನ್ನೆಲ್ಲ ಭಾನುವಾರ ತಮ್ಮ ಜಗಲಿಯಲ್ಲಿ ಕೂರಿಸಿ ಪಾಠ ಹೇಳುತ್ತಿದ್ದರು. “ಕನ್ನಡದಲ್ಲಿ ‘ಮಾಡಿಸಿದ್ರು’ ಅಂದ್ರೆ ಮುಗೀತು. ಇಂಗ್ಲಿಷಲ್ಲಿ ಹೆಂಗೆ ಮಾಡಿಸಿದ್ರು ಅಂತ್ಲೂ ಹೇಳ್ಬೇಕು ಕಣಮ್ಮಾ,” ಎನ್ನುವುದು ಅವರ ವಾಡಿಕೆಯ ಮಾತು. ‘ಮೇಕ್’ ಎನ್ನುತ್ತಾ, ನಾನು ಒಲ್ಲೆನೆಂದರೂ ಬೆನ್ನಿಗೆ ಕೈಯಿಟ್ಟು ನನ್ನನ್ನು ಮುಂದಕ್ಕೆ ನೂಕುತ್ತಿದ್ದರು. ‘ಗೆಟ್’ ಎಂದರೆ ಗಲ್ಲ ಹಿಡಿದು ಪುಸಲಾಯಿಸುವುದು. ‘ಹ್ಯಾವ್’ ಎಂದರೆ ಅದು ಯಾರ ಕೆಲಸವೋ ಅವರಿಗೆ ಹೇಳಿ ಮಾಡಿಸುವುದು. ‘ಲೆಟ್’ ಎಂದಾಗ ಮಾತ್ರ, ಹೋಗಬೇಕೆನ್ನುವವರಿಗೆ ಬಾಗಿಲು ತೆರೆದು ತಾವು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಒಮ್ಮೆ, ನಾವು ಹೊಲಿದ ಬಟ್ಟೆ ಕೊಳ್ಳುವ ವಿದೇಶಿ ಕಂಪನಿಯ ಮಹಿಳಾ ಅಧಿಕಾರಿಯೊಬ್ಬರು ಫ್ಯಾಕ್ಟರಿ ನೋಡಲು ಬಂದರು. ಈ ಹೆಂಗಸರು ಕತ್ತಲಾದ ಮೇಲೂ ಯಾಕೆ ಕೆಲಸ ಮಾಡುತ್ತಾರೆ ಎಂದು ಆಕೆ ಕೇಳಿದ್ದಕ್ಕೆ ನಮ್ಮ ಮ್ಯಾನೇಜರ್ ನಗುತ್ತಾ, “ವಿ ಲೆಟ್ ದೆಮ್ ಸ್ಟೇ,” ಎಂದ. ನಾವೇ ಆಸೆಪಟ್ಟು ಕೇಳಿದಂತೆ, ಅವನು ಕರುಣೆ ತೋರಿದಂತೆ! ನನಗೆ ಮೈಯೆಲ್ಲ ಉರಿಯಿತು. ಮಿಷನ್ ನಿಲ್ಲಿಸಿ ಎದ್ದು, “ನೋ ಮೇಡಂ. ದೇ ಮೇಕ್ ಅಸ್ ಸ್ಟೇ,” ಎಂದೆ. ಅಕ್ಕಪಕ್ಕದ ಮಿಷನ್‌ಗಳೂ ನಿಂತವು. “ಮೇಕ್! ಮೇಕ್!” ಎಂದು ಸಾಲಿನ ಹೆಂಗಸರೆಲ್ಲ ಕೂಗಿದರು.

ಆ ವಾರವೇ ಬಲವಂತದ ಓವರ್‌ಟೈಮ್ ನಿಂತಿತು. ನನ್ನನ್ನು ಕೆಲಸದಿಂದ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಸುದ್ದಿ ಕೇಳಿದ ಪಕ್ಕದ ಮನೆ ಮೇಡಂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಗೇ ಇಳಿದುಬಿಟ್ಟರು.

“ಕೇಳ್ರಪ್ಪಾ ಎಲ್ರೂ! ನಮ್ಮ ಹುಡುಗಿ ಇಂಗ್ಲಿಷಲ್ಲಿ ಜಗಳ ಆಡಿ ಗೆದ್ದುಬಿಟ್ಳು!”