ಮೈಕ್ ಮೇಡಂ ಬೆನ್ನು ತಿರುಗಿಸಿದ್ದು

ಮೈಕ್ ಮೇಡಂ ಎಂಬ ಹೆಸರನ್ನು ಮೊದಲು ಇಟ್ಟವರು ಯಾರೋ ಗೊತ್ತಿಲ್ಲ. ಯಾರೇ ಆಗಿರಲಿ, ಅವರ ಕಿವಿ ಚೆನ್ನಾಗಿತ್ತು. ಊರು ಮುಗಿದು ಕಾಲುವೆ ರಸ್ತೆ ಶುರುವಾಗುವಲ್ಲಿ ಮೇಡಂ ಅವರ ಕುದುರೆ ಸವಾರಿ ಶಾಲೆ ಇತ್ತು. ತಗಡಿನ ಮಾಡಿನ ಲಾಯ, ಮರದ ಬೇಲಿ ಕಟ್ಟಿದ ಮರಳಿನ ಅಂಗಳ, ಜೀನು-ಲಗಾಮು ನೇತುಹಾಕಲು ಒಂದು ಕೋಣೆ, ಮೂರು ಕುದುರೆಗಳು, ಅಷ್ಟೇ ಆಸ್ತಿ. ಅಂಗಳದ ನಡುವೆ ನಿಂತು ಅವರು ಶಿಷ್ಯರಿಗೆ "ಬೆನ್ನು ನೆಟ್ಟಗೆ" ಎಂದು ಕೂಗಿದರೆ, ರಸ್ತೆಯಲ್ಲಿ ಸೈಕಲ್ ತುಳಿಯುತ್ತಿದ್ದವರೂ ಒಮ್ಮೆ ನೆಟ್ಟಗಾಗಿಬಿಡುತ್ತಿದ್ದರು.

ಆ ಗಂಟಲು ಬಂದದ್ದು ಅಪ್ಪನ ದೆಸೆಯಿಂದ. ಅಪ್ಪ ಕುದುರೆಗಳಿಗೆ ಲಾಳ ಕಟ್ಟುತ್ತಿದ್ದವರು. ಸುತ್ತಿಗೆ ಏಟಿನ ನಡುವೆ ಮಗಳ ಮಾತು ಅವರಿಗೆ ಕೇಳಬೇಕೆಂದರೆ ಕೂಗಲೇಬೇಕಿತ್ತು. ಕುದುರೆಯ ತಲೆ ಹಿಡಿದು ನಿಲ್ಲುವ ಕೆಲಸ ಹುಡುಗಿಯದು. ಹಾಗೆ ನಿಂತು ನಿಂತೇ ಅದರ ಮೂಗಿನ ಬಿಸಿಯುಸಿರು, ಕಿವಿಯ ಆಟ, ಕಣ್ಣಂಚಿನ ಸಿಟ್ಟು ಎಲ್ಲ ಬಾಯಿಪಾಠವಾಯಿತು. ಮುಂದೆ ಮದುವೆಯಾದದ್ದು ಗಡಿಯಾರ ರಿಪೇರಿ ಮಾಡುವವರನ್ನು. ಅವರ ಮಾತಿಗಿಂತ ಅವರ ಅಂಗಡಿಯ ಗಡಿಯಾರಗಳ ಸದ್ದೇ ಜೋರು. "ನೀನು ನಂಗೆ ಸೋಪು ತನ್ನಿ ಅಂದ್ರೆ ಪಕ್ಕದ್ಮನೆಯವ್ರೂ ತರ್ತಾರೆ" ಎಂದು ಅವರು ಹೆಂಡತಿಯನ್ನು ರೇಗಿಸುತ್ತಿದ್ದರು. ಅತ್ತೆ ಮಾತ್ರ ಯಾವಾಗಲೂ ಸೊಸೆಯ ಪಕ್ಷ. ಕಿವಿ ಮಂದವಾಗಿದ್ದ ಅವರಿಗೆ ಮನೆಯಲ್ಲಿ ಕೇಳಿಸುತ್ತಿದ್ದದ್ದು ಸೊಸೆಯ ಮಾತೊಂದೇ.

"ಈ ಮನೇಲಿ ಬಾಯ್ತುಂಬ ಮಾತಾಡೋಳು ಇವಳೊಬ್ಬಳೇ. ಮಿಕ್ಕವರು ಸುಮ್ನೆ ತುಟಿ ಅಲ್ಲಾಡಿಸ್ತಾರೆ" ಎನ್ನುತ್ತಿದ್ದರು ಅತ್ತೆ.

ಸವಾರಿ ಕಲಿಸುವುದೆಂದರೆ ಇಬ್ಬರಿಗೆ ಒಟ್ಟಿಗೆ ಪಾಠ ಹೇಳುವುದು. ಮೇಲೆ ಕೂತವರು ಹೇಳಿದ್ದನ್ನು ಮಾಡುವುದಿಲ್ಲ, ಕೆಳಗಿರುವುದು ಹೇಳದೇ ಇದ್ದದ್ದನ್ನೂ ಮಾಡುತ್ತದೆ. ಬೆಳಗ್ಗೆಯಿಂದ ಬಿಸಿಲಿನಲ್ಲಿ ನಿಂತು ಕಾಲು ಮರಗಟ್ಟುತ್ತದೆ, ತಲೆಗೂದಲಲ್ಲಿ ಮರಳು, ಸೀರೆಯ ಆಸೆ ಬಿಟ್ಟು ವರ್ಷಗಳೇ ಆದವು, ಪ್ಯಾಂಟಿಗೆ ಲದ್ದಿಯ ವಾಸನೆ. ಇಷ್ಟೆಲ್ಲ ಯಾಕೆ ಎಂದರೆ, ಹೆದರಿ ಮರದ ತುಂಡಿನಂತೆ ಕೂತಿದ್ದ ಹೊಸಬರು ಯಾವುದೋ ಒಂದು ಸುತ್ತಿನಲ್ಲಿ ಇದ್ದಕ್ಕಿದ್ದಂತೆ ಸಡಿಲವಾಗಿ, ಕುದುರೆಯ ಜೊತೆ ತಾವೂ ನಡೆಯತೊಡಗುತ್ತಾರೆ. ಆಗ ಅವರ ಮುಖದಲ್ಲಿ ಒಂದು ನಗು ಬರುತ್ತದೆ. ಅದನ್ನು ನೋಡಲಿಕ್ಕೇ ಮೇಡಂ ಪ್ರತಿದಿನ ಎದ್ದು ಬರುತ್ತಿದ್ದದ್ದು.

ಅವರಿಗೆ ಇನ್ನೊಂದು ಜಂಭವೂ ಇತ್ತು. ಪಾಠ ನಡೆಯುವಾಗ ಮೂರೂ ಕುದುರೆಗಳ ಕಿವಿಗಳು ಸದಾ ಅಂಗಳದ ನಡುವೆ ನಿಂತ ಮೇಡಂ ಕಡೆಗೇ ತಿರುಗಿರುತ್ತಿದ್ದವು. ನೋಡಲು ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ಕಿವಿ ನೋಡಿ. ಎಷ್ಟು ಗಮನ. ಇಂಥ ಕುದುರೆಗಳು ಸಿಗಬೇಕಲ್ಲ." ಬಂದವರು ತಲೆದೂಗುತ್ತಿದ್ದರು.

ಮೂರರಲ್ಲಿ ಹಿರಿಯದು ತಾತ. ಕಂದು ಬಣ್ಣ, ಹಣೆಯ ಮೇಲೆ ನರೆ, ಮುಖದಲ್ಲಿ ಎಲ್ಲವನ್ನೂ ನೋಡಿ ಮುಗಿಸಿದವನ ಕಳೆ. ತಾತನಿಗೆ ಇದ್ದದ್ದು ಒಂದೇ ಕೊರತೆ, ಮೋರಿ. ಶಾಲೆಯ ಗೇಟಿನಿಂದ ಹೊರಟ ರಸ್ತೆ ನೇರವಾಗಿ ಹೋಗಿ ಒಂದು ಮೋರಿ ದಾಟಿ, ಮರಗಳ ನಡುವೆ ತಿರುಗಿ, ಕಾಲುವೆಯ ಸೇತುವೆಗೆ ಸೇರುತ್ತದೆ. ಶಿಷ್ಯರು ಯಾರೇ ಮೇಲಿದ್ದರೂ ಮೋರಿಯ ತನಕ ಬಂಗಾರದಂತೆ ನಡೆಯುತ್ತಿದ್ದ ತಾತ ಅಲ್ಲಿ ನಿಂತುಬಿಡುತ್ತಿತ್ತು. ಜಪ್ಪಯ್ಯ ಎಂದರೂ ಮುಂದಕ್ಕಿಲ್ಲ. ಸ್ವಲ್ಪ ಹೊತ್ತು ನೋಡಿ, ತಾನೇ ತಿರುಗಿ ಲಾಯಕ್ಕೆ ವಾಪಸು. ಉಳಿದೆರಡೂ ಹಿರಿಯರ ದಾರಿಯನ್ನೇ ಹಿಡಿದಿದ್ದವು. ಮೋರಿಯ ಕೆಳಗೆ ಹಾವಿದೆ ಎಂದರು ಕೆಲವರು. ನೀರಿನ ಸದ್ದು ಎಂದರು ಗಂಡ. ಮೇಡಂ ಕ್ಯಾರೆಟ್ ತೋರಿಸಿದರು, ಮೋರಿಕಟ್ಟೆಗೆ ಸುಣ್ಣ ಹೊಡೆಸಿದರು, ಪೊದೆ ಕಡಿಸಿದರು. ಪ್ರಯೋಜನವಾಗಲಿಲ್ಲ. ವಿಚಿತ್ರವೆಂದರೆ ಮೇಡಂ ತಾವೇ ಹತ್ತಿ ಮಾತಾಡಿಸುತ್ತಾ ಹೋದರೆ ತಾತ ಮೋರಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. "ನನ್ನ ಮೇಲೆ ನಂಬಿಕೆ, ಪಾಪ" ಎಂದು ಮೇಡಂ ಅದರ ಕುತ್ತಿಗೆ ತಟ್ಟುತ್ತಿದ್ದರು.

ಹೀಗಿರುವಾಗ ಬಂದವರು ಟೈಲರಮ್ಮ. ಶಿಷ್ಯರ ಸವಾರಿ ಪ್ಯಾಂಟಿಗೆ ಅಳತೆ ತೆಗೆಯಲು ಬಂದವರು ಬೇಲಿಗೆ ಒರಗಿ ನಿಂತು, ಅಳತೆ ಪಟ್ಟಿ ಕೊರಳಲ್ಲಿ ಇದ್ದಂತೆಯೇ ಕೇಳಿದರು. "ಮೇಡಂ, ಮೊಮ್ಮಗು ಬರೋ ವಯಸ್ಸಲ್ಲಿ ಇದನ್ನ ಕಲೀಬಹುದಾ?"

"ಯಾಕೆ ಕಲೀಬೇಕು ಅಂತ ಮೊದಲು ಹೇಳಿ."

"ನಾನು ಮೆಷಿನ್ ತುಳಿದಿರೋದನ್ನ ದಾರಿ ಮೇಲೆ ತುಳಿದಿದ್ರೆ ಇಷ್ಟೊತ್ತಿಗೆ ಸಮುದ್ರ ಮುಟ್ತಿದ್ದೆ. ಆದ್ರೆ ಕೂತ ಸ್ಟೂಲು ಕೂತ ಹಾಗೇ ಇದೆ. ಒಂದ್ಸಲ ಕೂತ್ಕೊಂಡೇ ಎಲ್ಲಿಗಾದ್ರೂ ಹೋಗ್ಬೇಕು. ಆ ಸೇತುವೆ ತನಕ ಸಾಕು. ಒಬ್ಬಳೇ ಹೋಗಿ ಬರ್ಬೇಕು."

ಮೇಡಂಗೆ ಆ ಉತ್ತರ ಎಷ್ಟು ಹಿಡಿಸಿತೆಂದರೆ, ಹಿಂದೆಮುಂದೆ ನೋಡದೆ ಮಾತು ಕೊಟ್ಟುಬಿಟ್ಟರು. ಟೈಲರಮ್ಮನ ಮಗಳಿಗೆ ದಿನ ತುಂಬುತ್ತಿತ್ತು. ಮುಂದಿನ ತಿಂಗಳು ಅವರು ಅಂಗಡಿ ಮುಚ್ಚಿ ಮಗಳ ಊರಿಗೆ ಹೋಗುವವರು, ಮತ್ತೆ ಬರುವುದು ಯಾವಾಗಲೋ. "ಹೊರಡೋದ್ರೊಳಗೆ ಸೇತುವೆ ಮುಟ್ಟಿಸ್ತೀನಿ. ಇಲ್ಲದಿದ್ರೆ ನಾನು ಕಲಿಸೋದೇ ಬಿಟ್ಬಿಡ್ತೀನಿ" ಎಂದರು ಮೇಡಂ. ಬೇಲಿಯ ಆಚೆ ಹುಲ್ಲು ಹೊರುತ್ತಿದ್ದ, ಕುದುರೆ ನೋಡಿಕೊಳ್ಳುವ ಲಾಯದಣ್ಣ ಈ ಮಾತು ಕೇಳಿ, ಮೋರಿಯ ಕಡೆ ಒಮ್ಮೆ ನೋಡಿ, ಹೊರೆಯೊಂದಿಗೆ ಒಳಗೆ ಹೋದ.

ಆಮೇಲಿನ ವಾರವೇ ಮೇಡಂ ಗಂಟಲು ಕೈಕೊಟ್ಟಿತು. ಮೊದಲು ಒಡೆದ ಕೊಳಲಿನಂತಾಯಿತು, ಆಮೇಲೆ ಗಾಳಿ ಮಾತ್ರ. ಡಾಕ್ಟರು ಒಳಗೆ ಕನ್ನಡಿ ಇಳಿಸಿ ನೋಡಿ, ಗಂಟಲಲ್ಲಿ ಗಂಟು ಕಟ್ಟಿದೆ ಎಂದರು. "ಈ ತಿಂಗಳು ಪೂರ್ತಿ ಬಾಯಿಗೆ ಬೀಗ. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಮಾತು ಮೀರಿದ್ರೆ ಈ ದನಿ ವಾಪಸು ಬರುತ್ತೆ ಅಂತ ನಾನು ಹೇಳಲ್ಲ."

ಮನೆಯಲ್ಲಿ ಅತ್ತೆ ಗಾಬರಿಯಾದರು. ಎರಡು ದಿನ ತಾಳಿಕೊಂಡು ಮಗನನ್ನು ಕರೆದು, "ಏನೋ ಅಂದಿದೀಯ ನನ್ನ ಸೊಸೆಗೆ? ಬಾಯೇ ಬಿಡ್ತಿಲ್ಲ" ಎಂದು ತರಾಟೆಗೆ ತೆಗೆದುಕೊಂಡರು. ಮಗ ತಮ್ಮ ಸಣ್ಣ ದನಿಯಲ್ಲಿ ಎಲ್ಲ ವಿವರಿಸಿದರು. ಅತ್ತೆಗೆ ಒಂದಕ್ಷರ ಕೇಳಿಸಲಿಲ್ಲ. ಅವರ ಪ್ರಕಾರ ಮಗ ತಪ್ಪೊಪ್ಪಿಕೊಂಡ.

ಶಾಲೆಯಲ್ಲಿ ಮೇಡಂ ಟ್ರಾಫಿಕ್ ಪೊಲೀಸರಂತೆ ಕೈಯಲ್ಲೇ ಪಾಠ ಶುರುಮಾಡಿದರು. ಕೈ ಮುಂದಕ್ಕೆ ಬೀಸಿದರೆ ಹೊರಡಿ, ಎತ್ತಿದರೆ ನಿಲ್ಲಿಸಿ. ಶಿಷ್ಯರಿಗೆ ಅರ್ಥವಾಯಿತು. ಟೈಲರಮ್ಮ ತಾತನ ಹೊಟ್ಟೆಗೆ ಹಿಮ್ಮಡಿ ಒತ್ತಿದರು. ತಾತ ಬಸ್ಸು ಕಾಯುವವರಂತೆ ನಿಂತೇ ಇತ್ತು. ಇನ್ನಿಬ್ಬರು ಬಹಳ ಹಳೆಯ ಶಿಷ್ಯರು, ಮೇಡಂ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಂಥವರು. ಅವರೂ ಒದ್ದರು, ಲಗಾಮು ಅಲ್ಲಾಡಿಸಿದರು, ಕೊನೆಗೆ ಬೇಡಿಕೊಂಡರು. ಮೂರೂ ಕುದುರೆಗಳು ಕಿವಿ ನಿಮಿರಿಸಿ ಮೇಡಂ ಕಡೆಗೇ ನೋಡುತ್ತಿದ್ದವು.

ಲಾಯದಣ್ಣ ಬೇಲಿಗೆ ಮೊಣಕೈ ಊರಿದ. "ಅಮ್ಮಾವ್ರೇ, ಬೇಜಾರು ಮಾಡ್ಕೋಬೇಡಿ. ಅವು ನೀವು ಯಾವಾಗ ಬಾಯಿ ಬಿಡ್ತೀರ ಅಂತ ಕಾಯ್ತಿವೆ. ನೀವು 'ಓಡ್ಸಿ' ಅಂದ್ರೆ ಓಡೋದು, 'ನಿಲ್ಸಿ' ಅಂದ್ರೆ ನಿಲ್ಲೋದು. ಮೇಲಿರೋರು ಏನು ಮಾಡಿದ್ರೂ ಅವಕ್ಕೆ ಏನಂತೆ?"

ಮೇಡಂ ಮೋರಿಯ ಕಡೆ ಬೆರಳು ಮಾಡಿದರು. ಹಾಗಾದರೆ ಅದು?

ಲಾಯದಣ್ಣ ತಲೆ ಕೆರೆದುಕೊಂಡ. "ಅಲ್ಲಿ ತನಕ ನಿಮ್ಮ ಕೂಗು ಕೇಳ್ಸುತ್ತೆ. ಅದರಾಚೆ ಕೇಳ್ಸಲ್ಲ. ಅದಕ್ಕೇ ನಾನು ಊಟ ಆದ್ಮೇಲೆ ಒಂದು ಗಳಿಗೆ ಕಣ್ಣು ಮುಚ್ಚೋಕೆ ಮೋರಿ ದಾಟಿ ಹೋಗೋದು."

ಮೇಡಂ ಜೀನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂತರು. ಹಾವಲ್ಲ, ನೀರಲ್ಲ. ಸುಣ್ಣ ಬಳಿಸಿದ್ದು ತಮ್ಮ ದನಿಯ ಗಡಿಗೆ. ಇಷ್ಟು ವರ್ಷ ಪಾಠ ಕಲಿತದ್ದು ಮೂರು ಕುದುರೆಗಳು, ಮತ್ತು ಅವು ಬಹಳ ಚೆನ್ನಾಗಿ ಕಲಿತಿದ್ದವು. ಮೇಲೆ ಕೂತವರು ಬರೀ ಪ್ರಯಾಣಿಕರು. ಮೇಡಂಗೆ ಅಳು ಬಂತು, ಅತ್ತರು. ಅಳುವಾಗಲೂ ಸದ್ದು ಮಾಡುವ ಹಾಗಿರಲಿಲ್ಲವಲ್ಲ ಎಂದು ನೆನಪಾಗಿ ಮಧ್ಯದಲ್ಲೇ ನಗುವೂ ಬಂತು.

ಮರುದಿನ ಮೇಡಂ ಒಂದು ಸ್ಟೂಲು ತಂದು ಬೇಲಿಯ ಹೊರಗೆ ಹಾಕಿ, ಅಂಗಳಕ್ಕೆ ಬೆನ್ನು ಕೊಟ್ಟು ಕೂತರು. ತಮ್ಮ ಮುಖ ಕಾಣುವ ತನಕ ಕುದುರೆಗಳು ಬೇರೆಯವರ ಮಾತು ಕೇಳುವುದಿಲ್ಲ ಎನ್ನುವುದು ಖಚಿತವಾಗಿತ್ತು. ಪಾಠಕ್ಕೆ ಮೊದಲು ಶಿಷ್ಯರ ಕಾಲನ್ನು ತಾವೇ ಹಿಡಿದು, ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಮುಖ್ಯವಾಗಿ ಯಾವಾಗ ಬಿಡಬೇಕು ಎಂದು ತೋರಿಸುತ್ತಿದ್ದರು. ಆಮೇಲೆ ಬೆನ್ನು. ಹಿಂದೆ ಏನೋ ಬಿದ್ದ ಸದ್ದಾದರೂ ತಿರುಗದೆ ಕೂರುವುದು ಅವರಿಗೆ ಗಂಟಲು ನೋವಿಗಿಂತ ಕಷ್ಟವಾಗಿತ್ತು. ಹಳೆಯ ಶಿಷ್ಯರಲ್ಲಿ ಒಬ್ಬರು "ಬೆನ್ನು ನೋಡೋಕೆ ಇಷ್ಟು ದೂರ ಬರ್ಬೇಕಾ" ಎಂದು ಬಿಟ್ಟೇ ಹೋದರು. ಮೇಡಂ ತಡೆಯಲಿಲ್ಲ.

ಟೈಲರಮ್ಮ ಬಿಡಲಿಲ್ಲ. ತಾತನೂ ಹಟ ಬಿಡಲಿಲ್ಲ. ಮೊದಲ ದಿನಗಳಲ್ಲಿ ಅವರಿಬ್ಬರೂ ಅಂಗಳದ ಒಂದು ಮೂಲೆಯಲ್ಲಿ ಫೋಟೋಗೆ ನಿಂತವರಂತೆ ನಿಂತು ಕಾಲ ಕಳೆದರು. ಟೈಲರಮ್ಮ ಒದ್ದು ಸುಸ್ತಾಗಿ ಒಂದು ದಿನ ಹೇಳಿದರು. "ಹೊಸ ಮೆಷಿನ್ ಬಂದಾಗ್ಲೂ ಹೀಗೇ ಆಗಿತ್ತು ನಂಗೆ. ಜೋರಾಗಿ ತುಳಿದ್ರೆ ದಾರ ಕಿತ್ತೋಗೋದು. ಪಾದ ಇಟ್ಟು ಸುಮ್ನೆ ಕಾಯ್ಬೇಕಾಗಿತ್ತು." ಹಾಗೆಯೇ ಮಾಡಿದರು. ಹಿಮ್ಮಡಿಯನ್ನು ಮೆಲ್ಲಗೆ ಒತ್ತಿ, ಕಾದು, ತಾತ ಒಂದು ಹೆಜ್ಜೆ ಇಟ್ಟ ಕೂಡಲೇ ಬಿಟ್ಟರು. ಮತ್ತೆ ಒತ್ತಿದರು. ಬೆನ್ನು ಹಾಕಿ ಕೂತಿದ್ದ ಮೇಡಂಗೆ ಮರಳಿನ ಮೇಲೆ ಗೊರಸಿನ ಸದ್ದು ಕೇಳಿಸಿತು, ಮೊದಲು ಬಿಡಿಬಿಡಿಯಾಗಿ, ಆಮೇಲೆ ಒಂದರ ಹಿಂದೆ ಒಂದು. ಅವರು ಸ್ಟೂಲಿನ ಅಂಚನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು.

ತಿಂಗಳು ಮುಗಿಯಿತು. ಡಾಕ್ಟರು ಮತ್ತೆ ಕನ್ನಡಿ ಇಳಿಸಿ, ಮಾತಾಡಬಹುದು, ಆದರೆ ಹಳೆಯ ಆಟ ಬೇಡ ಎಂದರು. ಮೇಡಂ ಮನೆಗೆ ಬಂದು ಮೊದಲು ಅತ್ತೆಯ ಕಿವಿಯ ಹತ್ತಿರ ಬಗ್ಗಿ "ಊಟ ಆಯ್ತಾ ಅತ್ತೆ" ಎಂದರು. ಅತ್ತೆಯ ಕಣ್ಣು ತುಂಬಿತು. "ಅವನನ್ನ ಕ್ಷಮಿಸ್ಬಿಟ್ಯಾ" ಎಂದು ಕೇಳಿದರು.

ಟೈಲರಮ್ಮನ ಬಸ್ಸು ಮರುದಿನ ಮಧ್ಯಾಹ್ನಕ್ಕೆ. ಬೆಳಗ್ಗೆಯೇ ಅವರು ತಾವೇ ಹೊಲಿದ ಪ್ಯಾಂಟು ತೊಟ್ಟು ಬಂದರು. ಮೇಡಂ ಕಾಲಿಡುವ ರಿಕಾಪಿನ ಉದ್ದ ಸರಿಮಾಡಿ, ತಾತನ ಮೂಗು ಸವರಿ, ಗೇಟು ತೆಗೆದರು. ತಾತ ನೇರ ರಸ್ತೆಯಲ್ಲಿ ಮೋರಿಯ ತನಕ ಹೋಗಿ, ಎಂದಿನಂತೆ ನಿಂತಿತು. ಕುತ್ತಿಗೆ ತಿರುಗಿಸಿ ಗೇಟಿನ ಕಡೆ ನೋಡಿತು. ಅಷ್ಟು ದೂರದಿಂದಲೂ ಆ ಎರಡು ಕಿವಿಗಳು ತಮ್ಮ ಕಡೆಗಿರುವುದು ಮೇಡಂಗೆ ಕಂಡಿತು.

"ಇಷ್ಟು ದಿನ ನಿಮ್ಮ ದನಿ ಕೇಳಿಲ್ಲ ಅದು, ಒಂದು ಕೂಗು ಹಾಕಿಬಿಡಿ ಅಮ್ಮಾವ್ರೇ, ದಾಟ್ಬಿಡುತ್ತೆ" ಎಂದ ಲಾಯದಣ್ಣ. "ಕೂಗಿಗೇ ದಾಟಿದ್ದು ಅಂತ ಅವರಿಗೆ ಗೊತ್ತೂ ಆಗಲ್ಲ."

ಕೂಗು ನಾಲಿಗೆ ತುದಿಗೆ ಬಂದಿತ್ತು. ಈಗ ದನಿಯೂ ಇತ್ತು. ಮೇಡಂ ಸೆರಗಿಲ್ಲದ ಕಾರಣ ಕೊರಳ ಕರ್ಚೀಫನ್ನೇ ಬಾಯಿಗೆ ಒತ್ತಿಕೊಂಡು, ರಸ್ತೆಗೆ ಬೆನ್ನು ತಿರುಗಿಸಿದರು.

"ಏನಾಯ್ತು?"

"ನಿಂತಿದೆ."

"ಈಗ?"

"ನಿಂತಿದೆ. ಟೈಲರಮ್ಮ ಒದೀತಿಲ್ಲ, ಸುಮ್ನೆ ಕೂತಿದಾರೆ."

"ಒದೀಬಾರದು. ಸರಿ. ಈಗ?"

ಲಾಯದಣ್ಣ ಗೇಟಿನ ಮೇಲೆ ಬಗ್ಗಿ ಕತ್ತು ಉದ್ದ ಮಾಡಿದ.

"ಹೇಳಪ್ಪಾ, ಬಾಯಲ್ಲಿ ಏನಿಟ್ಕೊಂಡಿದೀಯ?"

"ಏನು ಹೇಳ್ಲಿ ಅಮ್ಮಾವ್ರೇ, ಇಬ್ರೂ ಕಾಣಿಸ್ತಾನೇ ಇಲ್ಲ."

ಮೇಡಂ ತಿರುಗಿದರು. ಸುಣ್ಣ ಬಳಿದ ಮೋರಿಕಟ್ಟೆ, ಅದರಾಚೆ ಖಾಲಿ ರಸ್ತೆ, ಮರಗಳು. ಅವರಿಗೆ ಕುಣಿಯಬೇಕು ಎನ್ನುವಷ್ಟು ಸಂತೋಷವಾಯಿತು, ಅದರ ಹಿಂದೆಯೇ ಹೆದರಿಕೆ ಬಂತು. ಅಲ್ಲಿ ಬಿದ್ದರೆ? ಲಾರಿ ಬಂದರೆ? ಅಲ್ಲಿಗೆ ತಮ್ಮ ಕೂಗು ಮುಟ್ಟುವುದಿಲ್ಲ. ಗೇಟಿನ ಚಿಲಕವನ್ನು ಹಾಕುತ್ತಾ ತೆಗೆಯುತ್ತಾ ನಿಂತರು. ಲಾಯದಣ್ಣ ಒಂದು ಲೋಟ ನೀರು ತಂದುಕೊಟ್ಟ, ಅದನ್ನು ಕುಡಿಯದೆ ಹಿಡಿದೇ ಇದ್ದರು.

ಕೊನೆಗೆ ಮರಗಳ ನಡುವಿನಿಂದ ತಾತನ ಹಣೆಯ ನರೆ ಕಂಡಿತು. ಟೈಲರಮ್ಮನ ತಲೆಗೂದಲು ಬಿಚ್ಚಿಹೋಗಿತ್ತು, ಮುಖದ ತುಂಬ ಆ ನಗು. ಮನೆ ಕಡೆಯ ದಾರಿಯಾದ್ದರಿಂದ ತಾತ ಕುಲುಕುತ್ತಾ ಓಡಿ ಬರುತ್ತಿತ್ತು. ಮೋರಿ ದಾಟಿ ಇನ್ನೂ ಜೋರಾದದ್ದನ್ನು ನೋಡಿ ಮೇಡಂಗೆ ತಡೆಯಲಾಗಲಿಲ್ಲ. ಡಾಕ್ಟರೂ ಮರೆತುಹೋದರು, ಸ್ಟೂಲೂ ಮರೆತುಹೋಯಿತು.

"ನಿಲ್ಸಿ" ಎಂದು ಕೂಗಿದರು, ಹಳೆಯ ದನಿಯಲ್ಲಿ, ರಸ್ತೆ ತುಂಬುವಂತೆ.

ಲಾಯದಲ್ಲಿದ್ದ ಎರಡೂ ಕುದುರೆಗಳು ಮೇವು ತಿನ್ನುವುದನ್ನು ನಿಲ್ಲಿಸಿದವು. ತಾತನ ಒಂದು ಕಿವಿ ಮೇಡಂ ಕಡೆ ತಿರುಗಿತು. ಆದರೆ ಕಾಲು ನಿಲ್ಲಲಿಲ್ಲ. ಆ ಕಿವಿ ನಿಧಾನವಾಗಿ ಹಿಂದಕ್ಕೆ, ಮೇಲೆ ಕೂತ ಟೈಲರಮ್ಮನ ಕಡೆಗೆ ವಾಲಿತು. ಏನು ಮಾಡಲಿ ಎಂದು ಕೇಳಿದ ಹಾಗಿತ್ತು. ಟೈಲರಮ್ಮ ಬೆನ್ನು ನೆಟ್ಟಗೆ ಮಾಡಿ, ಲಗಾಮಿನ ಮೇಲೆ ಬೆರಳುಗಳನ್ನು ಮೆಲ್ಲಗೆ ಮುಚ್ಚಿದರು. ತಾತ ನಿಂತಿತು.

"ಮೇಡಂ, ನೀವೇನೋ ಕೂಗಿದ್ರಿ, ನಂಗೆ ಸರಿಯಾಗಿ ಕೇಳಿಸ್ಲಿಲ್ಲ" ಎಂದರು ಟೈಲರಮ್ಮ ಏದುಸಿರು ಬಿಡುತ್ತಾ.

ಮೇಡಂ ತಾತನ ಕಿವಿಯನ್ನೇ ನೋಡುತ್ತಿದ್ದರು. ಅದು ಇನ್ನೂ ಹಿಂದಕ್ಕೇ ಇತ್ತು. ಅವರಿಗೆ ಎದೆಯಲ್ಲಿ ಒಂದಿಷ್ಟು ನೋವಾಯಿತು, ಮಗಳನ್ನು ಗಂಡನ ಮನೆಗೆ ಕಳಿಸಿದವರಿಗೆ ಆಗುವಂಥದ್ದು.

"ಏನೂ ಇಲ್ಲ. ಇಳೀರಿ, ಬಸ್ಸಿಗೆ ಹೊತ್ತಾಯ್ತು" ಎಂದರು, ಪಕ್ಕದಲ್ಲಿ ನಿಂತವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.